ಅಕ್ಕ ಹಿಡಿದಿಟ್ಟ ವಿಳಾಸಗಳು

ನಮ್ಮ ಕಡೆ ಮುಯ್ಯಾಳು ಅಂತ ಒಂದು ರೂಢಿ. ಇವತ್ತು ನಾನು ನಿಮ್ಮ ಹೊಲಕ್ಕೆ ಕಳೆ ತೆಗೆಯಲು ಬಂದರೆ ಮುಂದೊಂದು ದಿನ ನೀವು ನಮ್ಮ ಹೊಲಕ್ಕೆ ಬರಬೇಕು. ಕೂಲಿಯ ಮಾತಿಲ್ಲ, ಕಾಗದದ ಮಾತಂತೂ ಇಲ್ಲವೇ ಇಲ್ಲ. ಹತ್ತಿಮತ್ತೂರಿನ ನಮ್ಮಜ್ಜಿಯ ಹೊಲಕ್ಕೆ ಅರ್ಧ ಓಣಿ ಹೀಗೆಯೇ ಬರುತ್ತಿತ್ತು. ಒಮ್ಮೆ ಮುಯ್ಯಾಳಾಗಿ ಬಂದ ಒಬ್ಬಾಕೆ ಕಳೆ ತೆಗೆದು ಮುಂದೆ ಹೋದಳು, ನಮ್ಮವ್ವ ಅದೇ ಸಾಲಿನಲ್ಲಿ ನೆಲ ನೋಡುತ್ತ ಹಿಂದಿನಿಂದ ನಡೆದಳು. ಬದುವಿನ ಮೇಲೆ ಕುಳಿತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದಳು: "ಏನ ಹುಡುಕಾಕತ್ತೀಯವಾ, ಮೂಗುತಿ ಬಿದ್ದೈತೇನು?" ಅವ್ವ ತಲೆ ತಗ್ಗಿಸಿಕೊಂಡು ಬಂದು ಕುಳಿತಳು. ಕೂಲಿಗೆ ಬಂದವರ ಕೆಲಸ ನೋಡಬಹುದು. ಮುಯ್ಯಾಳಿನ ಕೆಲಸ ನೋಡುವುದೆಂದರೆ ಆ ಮನೆಯವರ ಮಾನವನ್ನೇ ತೂಗಿ ನೋಡಿದ ಹಾಗೆ. ನಾನು ಮಾತು ಕಲಿತದ್ದು ಅಂಥ ಬದುವಿನ ಮೇಲೆ, ಅಂಥ ಮುದುಕಿಯರ ನಡುವೆ. ಮಾತಿನ ಜೋಡಿ ಆ ನಡತೆಯೂ ಬಂತು. ಕಂಪ್ಯೂಟರಿನ ಕೆಲಸಕ್ಕೆ ಇಳಿದ ಮೇಲೂ ಬಿಡಲಿಲ್ಲ.

ಅಕ್ಕ ಅಂತ ನಾನು ಕರೆಯುತ್ತಿದ್ದವಳು ನನ್ನ ಒಡಹುಟ್ಟಿದವಳಲ್ಲ. ಕಾಲೇಜಿನಲ್ಲಿ ನನಗಿಂತ ಮುಂದಿದ್ದಳು. ಆಕೆ ಮದುವೆಯಾಗಿ ಶಿಗ್ಗಾಂವಿಗೆ ಬಂದಳು, ನಾನು ಹಾನಗಲ್ಲಿಗೆ. ಇಬ್ಬರೂ ಮನೆಯಲ್ಲೇ ಒಂದು ಕೋಣೆ ಹಿಡಿದು ಸಣ್ಣಪುಟ್ಟ ಕೆಲಸ ಶುರು ಮಾಡಿದೆವು. ನನಗೆ ಪ್ರೋಗ್ರಾಮ್ ಬರೆಯಲು ಬರುತ್ತದೆ. ಆಕೆಯ ಕೈ ಪಳಗಿದ್ದು ಕ್ಲೌಡಿನಲ್ಲಿ ಜಾಲ ಕಟ್ಟುವುದರಲ್ಲಿ. ಯಾರದೋ ದೂರದ ಕಟ್ಟಡದಲ್ಲಿರುವ ಯಂತ್ರಗಳನ್ನು ಬಾಡಿಗೆಗೆ ಹಿಡಿದು, ಅವು ತಮ್ಮತಮ್ಮೊಳಗೆ ಮಾತಾಡಲು ದಾರಿ ಹಾಕಿಕೊಡುವ ಕೆಲಸ ಅದು. ಆಕೆಯ ಗಿರಾಕಿಗೆ ಪ್ರೋಗ್ರಾಮ್ ಬೇಕಾದರೆ ನಾನು ಶಿಗ್ಗಾಂವಿಗೆ ಹೋಗಿ ಕುಳಿತು ಬರೆಯುತ್ತಿದ್ದೆ, ನನ್ನದಕ್ಕೆ ಜಾಲ ಬೇಕಾದರೆ ಆಕೆ ಹಾನಗಲ್ಲಿಗೆ ಬರುತ್ತಿದ್ದಳು. ದಿನಕ್ಕೆ ದಿನ. ಇದಕ್ಕೆ ಮುಯ್ಯಾಳು ಅಂತ ಹೆಸರಿಟ್ಟವಳೂ ಆಕೆಯೇ.

ನನ್ನ ಕೆಲಸವೆಂದರೆ ಕಾಟಾದ್ದು. ಗೋವಿನಜೋಳ ಹೇರಿದ ಟ್ರ್ಯಾಕ್ಟರನ್ನು ಹಾಗೇ ಹತ್ತಿಸಿ ತೂಗುವ ದೊಡ್ಡ ತಕ್ಕಡಿಗೆ ನಮ್ಮಲ್ಲಿ ಕಾಟಾ ಅನ್ನುತ್ತಾರೆ. ಟ್ರ್ಯಾಕ್ಟರು ಕಾಟಾದಿಂದ ಇಳಿಯುವ ಮೊದಲೇ ತೂಕದ ಚೀಟಿ ರೈತನ ಫೋನಿಗೂ ಅವನ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯವರ ಫೋನಿಗೂ ಹೋಗಿರಬೇಕು, ಅಷ್ಟೇ ನನ್ನ ಪ್ರೋಗ್ರಾಮ್. ಮೊದಲು ಒಪ್ಪಿದವರು ಹಾನಗಲ್ಲಿನ ಕಾಟಾದ ಮಾಲೀಕರು. ಅವರಿಗೆ ನಾನು ಕಾಕಾ ಅನ್ನುತ್ತೇನೆ. ಒಪ್ಪುವಾಗ ಒಂದೇ ಕರಾರು ಹಾಕಿದ್ದರು: "ನೋಡವಾ, ಸುಗ್ಗ್ಯಾಗ ಒಂದ ಟ್ರ್ಯಾಕ್ಟರ್ ನಿನ್ನ ಚೀಟಿ ಸಲುವಾಗಿ ಕಾಟಾದ ಮ್ಯಾಲ ನಿಂತ್ರ, ಮರುದಿನಾ ನಾ ಪೆನ್ನು ಕಿವಿಗೆ ಸಿಗಿಸಿಕೊಂಡು ಕೈಚೀಟಿ ಬರಿಯಾಕ ಕುಂದರಾಂವ." ನಿಲ್ಲುವುದಿಲ್ಲ ಅಂತ ಮಾತು ಕೊಟ್ಟೆ. ಕಾಕಾನ ಮಾತಿನ ಮೇಲೆ ಸವಣೂರಿನವರು ಬಂದರು, ಆಮೇಲೆ ಶಿಗ್ಗಾಂವಿಯವರು, ಕೊನೆಗೆ ಹಿರೇಕೆರೂರಿನವರು. ನಾಲ್ಕೂ ಕಾಟಾ ಆ ಒಂದು ಮಾತಿನ ಮೇಲೆ ನಿಂತಿದ್ದವು, ನನ್ನ ಮನೆಯ ಒಲೆಯೂ ಅದರ ಮೇಲೆಯೇ ಉರಿಯುತ್ತಿತ್ತು.

ಜಾಲ ಕಟ್ಟಿಕೊಟ್ಟವಳು ಅಕ್ಕ. ಕ್ಲೌಡಿನ ಜಾಲವೆಂದರೆ ಊರ ಹೊರಗೆ ಹೊಸದಾಗಿ ಪ್ಲಾಟು ಹಾಕಿದಂತೆ. ಮೊದಲೇ ಇಷ್ಟು ಓಣಿ, ಒಂದೊಂದು ಓಣಿಗೆ ಇಷ್ಟು ಮನೆ ನಂಬರು ಅಂತ ಗೆರೆ ಹೊಡೆದುಬಿಡಬೇಕು. ಒಳಗೆ ಬಂದು ಕೆಲಸ ಮಾಡುವ ಒಂದೊಂದು ಆಳಿಗೂ, ಅಂದರೆ ನನ್ನ ಪ್ರೋಗ್ರಾಮಿನ ಒಂದೊಂದು ಪ್ರತಿಗೂ, ಒಂದೊಂದು ನಂಬರು ಬೇಕು. ಅದೇ ಐಪಿ ವಿಳಾಸ. ವಿಳಾಸ ಸಿಗದ ಆಳು ಹುಟ್ಟಿಯೂ ಬಾಗಿಲಲ್ಲೇ ನಿಂತಿರುತ್ತದೆ. ಓಣಿಯಲ್ಲಿ ಮನೆ ಎದ್ದ ಮೇಲೆ ಓಣಿಯನ್ನು ಉದ್ದ ಮಾಡಲು ಬರುವುದಿಲ್ಲ. ಅಕ್ಕ ಗೆರೆ ಹೊಡೆದ ದಿನ ನಾನು ಪಕ್ಕದಲ್ಲೇ ಚಾ ಸೋಸುತ್ತಿದ್ದೆ. "ಇಷ್ಟ ಸಾಕೇನಕ್ಕಾ?" ಅಂದೆ. "ನಾಕ ಕಾಟಾಕ್ಕ ಇದು ಮಿಕ್ಕಿ ಉಳೀತೈತಿ, ಸುಮ್ನ ಚಾ ಕೊಡು," ಅಂದಳು. ಖಾತೆ ನನ್ನ ಹೆಸರಿನಲ್ಲಿತ್ತು, ಕೀಲಿ ಇಬ್ಬರ ಕೈಯಲ್ಲೂ. ಆಕೆ ಕಟ್ಟಿದ ಜಾಲದೊಳಗೆ ನಾನು ಒಮ್ಮೆಯೂ ಇಣುಕಲಿಲ್ಲ. ಅಜ್ಜಿಯ ಮೊಮ್ಮಗಳು ಹೇಗೆ ಇಣುಕಿಯಾಳು?

ಮೊದಲ ಸುಗ್ಗಿ ಹೂವಿನ ಸರ ಎತ್ತಿದಂತೆ ಹೋಯಿತು. ಎರಡನೆಯದರಲ್ಲಿ, ದೀಪಾವಳಿ ಮುಗಿದು ಇನ್ನೂ ವಾರವಾಗಿರಲಿಲ್ಲ, ಬೆಳಿಗ್ಗೆ ಎದ್ದರೆ ಆಕಾಶ ಕಂಬಳಿ ಹೊದ್ದುಕೊಂಡಿತ್ತು. ಡಾಂಬರು ರಸ್ತೆಯ ಮೇಲೆ ಒಣಹಾಕಿದ್ದ ಗೋವಿನಜೋಳವನ್ನು ಎಲ್ಲರೂ ಒಮ್ಮೆಲೇ ಬಳಿದು ಹೇರಿದರು. ಆಡೂರಿನಿಂದ, ಅಕ್ಕಿಆಲೂರಿನಿಂದ ಟ್ರ್ಯಾಕ್ಟರುಗಳು ಸಾಲುಹಿಡಿದು ಬಂದವು. ಇಂಥ ದಿನಕ್ಕಾಗಿಯೇ ನನ್ನ ಪ್ರೋಗ್ರಾಮು ಗದ್ದಲ ಕಂಡರೆ ತಾನೇ ಹೆಚ್ಚಿನ ಆಳು ಕರೆಯುವ ಹಾಗೆ ಬರೆದಿದ್ದೆ. ಕರೆಯಿತು. ಆಳು ಬಂದವು. ಬಾಗಿಲಲ್ಲಿ ನಿಂತವು.

ಕಾಕಾ ಫೋನ್ ಮಾಡಲಿಲ್ಲ, ಕರೆಯಲು ಜನ ಕಳಿಸಿದರು. ಹೋದರೆ ಕಾಟಾದ ಮೇಲೆ ಒಂದು ಟ್ರ್ಯಾಕ್ಟರು, ಹಿಂದೆ ರಸ್ತೆಯ ತಿರುವಿನ ತನಕ ಸಾಲು. ಮೇಲೆ ಹತ್ತಿ ಕುಳಿತ ರೈತ ತಾಡಪತ್ರಿ ಎಳೆದೆಳೆದು ಬಿಗಿಯುತ್ತಿದ್ದ. ನನ್ನ ಕಂಡವನೇ, "ಬಂದ್ರು ನೋಡ್ರಿ ಚೀಟಿಯವರು. ಅಕ್ಕಾರ, ನಿಮ್ಮ ಚೀಟಿ ಹಾವೇರಿಗೆ ಹೋಗಿ ಚಾ ಕುಡದು ಬರತೈತೇನ್ರಿ?" ಅಂದ. ಹಿಂದಿನವನು, "ಚಾ ಅಲ್ಲೋ, ಊಟಕ್ಕ ಕುಂತೈತಿ," ಅಂದ. ಕಾಕಾ ನಗಲಿಲ್ಲ.

"ಏನಾಗೈತವಾ?"

"ಆಳು ಬಂದಾವ್ರಿ ಕಾಕಾ, ಅವಕ್ಕ ಕುಂದರಾಕ ವಿಳಾಸ ಇಲ್ಲ. ಮುಗದಾವು."

"ವಿಳಾಸ ಮುಗಿಯೂದಂದ್ರ ಏನ? ಪೋಸ್ಟಿನಾಗ ಊರು ಮುಗೀತಾವೇನು?"

ಉತ್ತರ ಕೊಡಲು ವೇಳೆಯಿರಲಿಲ್ಲ. ಅಕ್ಕನಿಗೆ ಫೋನ್ ಹಚ್ಚಿದೆ. ಆಕೆ ಎರಡನೇ ರಿಂಗಿಗೇ ಎತ್ತಿದಳು, ಧ್ವನಿ ತಣ್ಣಗಿತ್ತು. "ಗಾಬರಿ ಆಗಬ್ಯಾಡವಾ. ಮಳಿ ಅಂಜಿಕೀಗೆ ಎಲ್ಲಾರೂ ಒಮ್ಮೆಲೆ ಬಂದಾರ. ನಿನ್ನ ಪ್ರೋಗ್ರಾಮ್ ಬಾಳ ಹಾವಳಿ ಮಾಡಾಕತ್ತೈತಿ, ಬೇಕಾದ್ದಕ್ಕಿಂತ ಹೆಚ್ಚು ಆಳು ಕರೀತೈತಿ. ಅದನ್ನ ತಿದ್ದು." ನಾನು ನಂಬಿದೆ. ಬೈಸಿಕೊಂಡ ಹುಡುಗಿಯ ಹಾಗೆ ಕಾಟಾದ ಪಕ್ಕದ ಚೀಲದ ಮೇಲೆಯೇ ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತು, ನನ್ನ ಆಳುಗಳನ್ನೇ ಒಂದೊಂದಾಗಿ ಮನೆಗೆ ಕಳಿಸಿದೆ. ಮುಂದೆ ಬರುವವರಿಗಿರಲಿ ಅಂತ ಯಂತ್ರಗಳು ಮೊದಲೇ ಹಿಡಿದಿಟ್ಟುಕೊಳ್ಳುತ್ತಿದ್ದ ವಿಳಾಸಗಳನ್ನು ಬಿಡಿಸಿದೆ. ಸತ್ತ ಆಳು ಬಿಟ್ಟುಹೋದ ವಿಳಾಸಗಳನ್ನು ಗುಡಿಸಿದೆ. ಅಷ್ಟಿಷ್ಟು ಸಿಕ್ಕವು. ಚೀಟಿ ಕುಂಟುತ್ತ ಹೊರಟವು. ಕಾಕಾ ಅಷ್ಟರಲ್ಲಿ ಪೆನ್ನು ಕಿವಿಗೆ ಸಿಗಿಸಿಕೊಂಡಾಗಿತ್ತು, ಒಂದು ಚೀಟಿ ಫೋನಿನಲ್ಲಿ ಹೋದರೆ ಎರಡು ಚೀಟಿ ಅವರ ಕೈಯಿಂದ ಹೋಗುತ್ತಿದ್ದವು.

ಮಧ್ಯಾಹ್ನ ಸಾಲು ಸ್ವಲ್ಪ ಕರಗಿದ ಮೇಲೆ ಕಾಕಾ ಚಾ ತರಿಸಿದರು. ಆಗ ಅವರ ಪ್ರಶ್ನೆಗೆ ಉತ್ತರ ಕೊಟ್ಟೆ. ಬಸ್ಸು ಸ್ಟ್ಯಾಂಡಿಗೆ ಬಂದ ಕೂಡಲೇ ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಪ್ರತಿ ಆಳೂ ಒಂದು ಸೀಟು ಹಿಡಿಯುತ್ತದೆ, ಇವತ್ತು ಎಲ್ಲ ಸೀಟಿನ ಮೇಲೂ ಟಾವೆಲ್ ಬಿದ್ದಿದೆ ಅಂದೆ.

ಕಾಕಾ ಬಸಿಯಲ್ಲಿ ಚಾ ಆರಿಸುತ್ತ ಕೇಳಿದರು: "ಎಲ್ಲಾ ಟಾವೆಲ್ಲೂ ನಿನ್ನವಾ?"

"ಮತ್ಯಾರವು ಇರ್ತಾವ್ರಿ?"

"ನಾ ಕೇಳಾಕತ್ತೇನಿ. ನೋಡೀ ಏನು?"

"ಜಾಲ ಅಕ್ಕನ ಕೆಲಸ್ರೀ. ನಾ ಹ್ಯಾಂಗ ನೋಡ್ಲಿ?"

ಕಾಕಾನೂ ಹೊಲದ ಮನುಷ್ಯ. ಬಸಿ ಕೆಳಗಿಟ್ಟು ಎದ್ದರು.

ಸಂಜೆಯಷ್ಟೊತ್ತಿಗೆ ಹಿರೇಕೆರೂರಿನ ಕಾಟಾದವರಿಗೆ ನಾನೇ ಫೋನ್ ಮಾಡಿದೆ. ಹಾನಗಲ್ಲಿನಲ್ಲಿ ಇಷ್ಟು ತಾಪತ್ರಯವಾದರೆ ಅಲ್ಲಿ ಹೇಗಿದೆಯೋ, ಬೈಗುಳ ತಿನ್ನುವುದಿದ್ದರೆ ಬಿಸಿಯಿರುವಾಗಲೇ ತಿಂದುಬಿಡೋಣ ಅಂತ. ಅವರು ಬೈಯಲಿಲ್ಲ. ಖುಷಿಯಲ್ಲಿದ್ದರು.

"ಏ ಇಲ್ಲ ಬಿಡ್ರಿ ಮೇಡಮ್ಮಾರ, ನಮ್ಮಲ್ಲಿ ಫಸ್ಟ್ ಕ್ಲಾಸ್. ನಿಮ್ಮ ಹಳೇದು ಮುಂಜಾನಿ ನಿಂತ ಕೂಡಲೆ ಹೊಸಾದಕ್ಕ ಹಾಕಿಕೊಂಡ್ವಿ. ಚೀಟಿ ಪಟಪಟ ಬರಾಕತ್ತಾವು."

"ಯಾವ ಹೊಸಾದ್ರಿ?"

"ನಿಮ್ಮಕ್ಕಾರು ಹಾಕಿಕೊಟ್ಟದ್ದು. ದಸರಾದಾಗ ಬಂದಿದ್ರಲ್ಲ. ಹಳೇದು ಕೈಕೊಡೂ ಹಂಗ ಕಾಣತೈತಿ, ಇದನ್ನ ಬಾಜೂಕ ಇಟ್ಟಿರ್ರಿ ಅಂದಿದ್ರು." ಆಮೇಲೆ ಅವರ ಧ್ವನಿ ಸಣ್ಣದಾಯಿತು. "ನಿಮಗ ಗೊತ್ತಿರಬೇಕಲ್ರಿ? ನಿಮಗೂ ಹೇಳೇನಿ ಅಂದ್ರು."

ಗೊತ್ತಿದೆ ಅಂದೆ. ಯಾಕೆ ಅಂದೆನೋ. ಮನೆಯ ಮಾತು ಹೊರಗೆ ಬೀಳಬಾರದು ಅಂತ ನಾಲಿಗೆ ತಾನೇ ಆಡಿಬಿಟ್ಟಿತು.

ಫೋನ್ ಇಟ್ಟ ಮೇಲೆ ಅಕ್ಕ ಕಟ್ಟಿದ ಜಾಲವನ್ನು ಮೊದಲ ಸಲ ತೆರೆದೆ. ತೆರೆಯುವಾಗ ಬದುವಿನ ಮೇಲಿಂದ ಅಜ್ಜಿ ಕೂಗಿದ ಹಾಗೇ ಆಯಿತು. ನನ್ನ ಓಣಿಯನ್ನು ಆಕೆ ತನ್ನ ಖಾತೆಯೊಂದಿಗೆ ಹಂಚಿಕೊಂಡಿದ್ದಳು. ಹಾಗೆ ಹಂಚಿಕೊಂಡರೆ ಆಕೆಯ ಯಂತ್ರಗಳ ಬಿಲ್ಲು ಆಕೆಗೇ ಹೋಗುತ್ತದೆ, ಆದರೆ ಅವು ಕೂರುವುದು ನನ್ನ ವಿಳಾಸಗಳ ಮೇಲೆ. ಅದಕ್ಕೇ ನನಗೆ ಸುಳಿವೇ ಸಿಕ್ಕಿರಲಿಲ್ಲ. ಬೇರೆ ಜಾಲ ಕಟ್ಟಿಕೊಳ್ಳದೆ ಇಲ್ಲಿಗೇ ಯಾಕೆ ಬಂದಳೆಂದರೆ, ನಾಲ್ಕೂ ಕಾಟಾದಿಂದ ತೂಕ ಬಂದು ಇಳಿಯುವ ಬಾಗಿಲು ಆ ಓಣಿಯಲ್ಲೇ ಇತ್ತು. ಅಲ್ಲಿ ಕುಳಿತರೆ ಸಾಕು, ನನಗೆ ಬಂದ ತೂಕ ಆಕೆಗೂ ಸಿಗುತ್ತಿತ್ತು. ಕಾಟಾದ ಒಂದು ತಂತಿಯನ್ನೂ ಮುಟ್ಟಬೇಕಾಗಿರಲಿಲ್ಲ. ಓಣಿಯ ಅರ್ಧಕ್ಕಿಂತ ಹೆಚ್ಚು ಮನೆಯಲ್ಲಿ ಆಕೆಯ ಆಳುಗಳಿದ್ದವು, ಬೇರೆ ಯಾರಿಂದಲೋ ಬರೆಸಿಕೊಂಡ ಪ್ರೋಗ್ರಾಮಿನವು. ಇನ್ನಷ್ಟು ನಂಬರುಗಳ ಮೇಲೆ ಯಾರೂ ಇರಲಿಲ್ಲ, ಬರೀ ಕಾಯ್ದಿರಿಸಿಟ್ಟಿದ್ದಳು. ಮುಂದೆ ಉಳಿದ ಕಾಟಾದವರೂ ತನ್ನ ಕಡೆ ಬಂದಾಗ ಬೇಕಾಗುತ್ತದಲ್ಲ.

ನನ್ನ ಪ್ರೋಗ್ರಾಮ್ ಹಾವಳಿ ಮಾಡಿರಲಿಲ್ಲ. ಬೆಳಗಿನಿಂದ ನಾನು ಮನೆಗೆ ಕಳಿಸಿದ್ದು ನನ್ನ ಪಾಪದ ಆಳುಗಳನ್ನು.

ಅಳು ಬಂತು ಅಂದರೆ ಸುಳ್ಳಾದೀತು. ಮೊದಲು ಬಂದದ್ದು ನಾಚಿಕೆ. ಯಾರದೋ ಮನೆಯ ಬಾಗಿಲು ತೆರೆದು ಕಾಣಬಾರದ್ದನ್ನು ಕಂಡವಳ ನಾಚಿಕೆ. ಬಾಗಿಲು ನನ್ನದೇ ಮನೆಯದು ಅನ್ನುವುದು ಆಮೇಲೆ ತಿಳಿಯಿತು.

ಮರುದಿನ ಮಳೆ ಇನ್ನೂ ಮೇಲೆಯೇ ತೂಗಾಡುತ್ತಿತ್ತು, ಟ್ರ್ಯಾಕ್ಟರು ಬರುವವೇ ಇದ್ದವು. ಓಣಿ ಉದ್ದವಾಗದಿದ್ದರೂ ಊರಿಗೆ ಹೊಸ ಓಣಿ ಸೇರಿಸಬಹುದು: ಅದೇ ಜಾಲಕ್ಕೆ ಇನ್ನೊಂದಿಷ್ಟು ವಿಳಾಸಗಳ ಸಾಲು ಜೋಡಿಸಿ, ಹೊಸ ಆಳುಗಳಿಗೆಲ್ಲ ಅಲ್ಲೇ ಮನೆ ಕೊಡುವುದು. ಇಂಥದ್ದನ್ನು ನಾನು ಓದಿದ್ದೆ, ಮಾಡಿರಲಿಲ್ಲ. ಮಾಡುತ್ತಿದ್ದವಳು ಅಕ್ಕ. ಬೆಳಿಗ್ಗೆ ಕಾಟಾ ತೆರೆಯುವ ಮೊದಲು ಕುಳಿತು ಜೋಡಿಸಿದೆ. ಹಾನಗಲ್ಲಿನ ಚೀಟಿ ಜಿಗಿದು ಹೊರಟವು, ಶಿಗ್ಗಾಂವಿಯವೂ ಹೊರಟವು. ಸವಣೂರಿನವು ಮಾತ್ರ ಎಲ್ಲೋ ಕಳೆದುಹೋಗುತ್ತಿದ್ದವು. ನೋಡಿದರೆ ನಾನು ಆರಿಸಿದ ಹೊಸ ನಂಬರುಗಳೂ ಸವಣೂರಿನ ಕಾಟಾದ ಒಳಗಿನ ನಂಬರುಗಳೂ ಒಂದೇ. ಒಂದೇ ನಂಬರಿನ ಮನೆ ಎರಡು ಕಡೆ ಇದ್ದರೆ ಕಾಗದ ಎಲ್ಲಿಗೆ ಹೋಗಬೇಕು? ಸವಣೂರಿನವರು ಫೋನಿನಲ್ಲಿ, "ತಂಗೀ, ನಮ್ಮ ಚೀಟಿ ನಮ್ಮಲ್ಲೇ ಗಿರಕಿ ಹೊಡ್ಯಾಕತ್ತಾವು, ನಮ್ಮೂರ ಖಾರ ತಿನ್ನೂದು ಬಿಟ್ಟು ಹೋಗಾಕ ಮನಸಿಲ್ಲದಂಗ," ಅಂದರು. ಅವರ ನಗೆಯಿಂದ ನನ್ನ ಕೈಗೆ ಬಲ ಬಂತು. ಜೋಡಿಸಿದ್ದನ್ನು ಬಿಚ್ಚಿ, ಯಾರಿಗೂ ತಾಗದ ಇನ್ನೊಂದು ಸಾಲು ಹುಡುಕಿ ಮತ್ತೆ ಜೋಡಿಸಿದೆ. ಮಳೆ ಬೀಳುವ ಹೊತ್ತಿಗೆ ಮೂರೂ ಊರಿನ ಚೀಟಿ ಹೋಗುತ್ತಿದ್ದವು. ಹಿರೇಕೆರೂರಿನವು ಅಕ್ಕನ ಕಡೆಯಿಂದ ಹೋಗುತ್ತಿದ್ದವು.

ನಾನು ಶಿಗ್ಗಾಂವಿಗೆ ಹೋದದ್ದು ಆ ವಾರದ ಕೊನೆಗೆ. ಅಕ್ಕ ಬಾಗಿಲಿಗೇ ಬಂದಳು. "ಬಾರವಾ, ಬಾ. ಒಂದ ಫೋನ್ ಮಾಡಿ ಬರಬಾರದಾ?"

ಕುಳಿತುಕೊಳ್ಳಲಿಲ್ಲ. "ಅಕ್ಕಾ, ನನ್ನ ಓಣ್ಯಾಗ ನಿನ್ನ ಆಳು ಅದಾವು."

ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿ ಅಂತ ಆಸೆಯೂ ಇತ್ತು. ಆಕೆ ಸೆರಗಿಗೆ ಕೈ ಒರೆಸಿಕೊಂಡಳು. "ಖಾಲಿ ಬಿದ್ದಿದ್ವು. ಹಿಡಕೊಂಡೆ. ಆ ನಂಬರಿಗೆ ಏನ ಬಾಡಿಗಿ ಐತೇನು?"

"ಹಿರೇಕೆರೂರೂ ಖಾಲಿ ಬಿದ್ದಿತ್ತೇನು?"

"ನಾಕೂ ಊರಾಗ ಯಾರ ಹೆಸರು ಹೇಳ್ತಾರ? ಚೀಟಿ ಅಕ್ಕಾರು ಅಂದ್ರ ನೀನು. ಆ ಜಾಲ ಕಟ್ಟಿದಾಕಿ ಒಬ್ಬಾಕಿ ಅದಾಳ ಅಂತ ಒಂದ ಸಲಾನರ ಹೇಳೀಯೇನು? ನನಗ ಗೊತ್ತಿದ್ದವರ ಮುಂದ ನಾನ ಹೇಳಕೋಬೇಕಾತು, ಅದರಾಗ ನಂದೂ ಕೈ ಐತಿ ಅಂತ."

"ಕೇಳಿದ್ರ ಪಾಲು ಕೊಡ್ತಿದ್ನೆಲ್ಲ."

"ನಿನ್ನ ಮುಂದ ಕೈ ಚಾಚಿ ನಿಂತು ಕೇಳಬೇಕಾಗಿತ್ತೇನು?"

ಇದರಲ್ಲಿ ಅಲ್ಪಸ್ವಲ್ಪ ಖರೆ ಇತ್ತು ಅಂತ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಆಕೆ ಬೇರೆ ಹೊಲ ಮಾಡಿದ್ದರೆ ನಾನು ಬೀಜ ಕೊಟ್ಟು ಕಳಿಸುತ್ತಿದ್ದೆ. ಎದೆಗೆ ಚುಚ್ಚಿದ್ದು ಹಿರೇಕೆರೂರು ಹೋದದ್ದಲ್ಲ. "ಆವತ್ತು ಫೋನಿನ್ಯಾಗ," ಅಂದೆ, "ಟ್ರ್ಯಾಕ್ಟರ್ ಕಾಟಾದ ಮ್ಯಾಲ ನಿಂತಿತ್ತು. ನೀ ನನ್ನ ಪ್ರೋಗ್ರಾಮಿನ ತಪ್ಪು ಅಂದಿ. ನಾ ನಂಬಿ ನನ್ನ ಆಳು ತಗದೆ. ನಿಂದು ಗೊತ್ತಿದ್ದೂ ಹಂಗ ಅಂದೆಲ್ಲಕ್ಕಾ."

ಒಳಗೆ ಕುಕ್ಕರು ಕೂಗಿತು, ಅದನ್ನು ಆರಿಸಲು ಹೋದವಳು ಬೇಗ ಹೊರಗೆ ಬರಲಿಲ್ಲ. ನಾನು ಚಪ್ಪಲಿ ಹಾಕಿಕೊಂಡೆ.

ಮನೆಗೆ ಬಂದು ಮೊದಲು ಆಕೆ ಬರೀ ಕಾಯ್ದಿಟ್ಟಿದ್ದ ನಂಬರುಗಳನ್ನು ಬಿಡಿಸಿದೆ. ಅಲ್ಲಿ ಕುಳಿತವರು ಯಾರೂ ಇರಲಿಲ್ಲ, ನೋಯುವವರೂ ಇರಲಿಲ್ಲ. ಹಂಚಿಕೊಂಡದ್ದನ್ನೂ ನಿಲ್ಲಿಸಿದೆ. ಹೊಸ ಆಳನ್ನು ಆಕೆ ತರಲಾರಳು, ಇದ್ದವು ಇರುತ್ತವೆ. ಇನ್ನು ಉಳಿದದ್ದು ಆ ಇದ್ದವುಗಳ ಮಾತು. ಆ ಓಣಿಗೆ ಬರುವ ದಾರಿಯನ್ನೇ ಕಡಿದುಬಿಟ್ಟರೆ ಆಕೆಯ ಚೀಟಿ ಅಲ್ಲಿಗೇ ನಿಂತುಹೋಗುತ್ತಿದ್ದವು. ಖಾತೆ ನನ್ನದು, ಓಣಿ ನನ್ನದು, ಕೇಳುವವರಿರಲಿಲ್ಲ. ವಿಷಯ ತಿಳಿದ ಕಾಕಾ, "ಕಡೀ ಮೊದಲ," ಅಂದರು. "ನಿನ್ನ ಹೊಲದಾಗ ಬಂದು ಬಿತ್ತಿದಾಕಿಗೆ ನೀರೂ ಹಾಯಸ್ತೀ ಏನ?"

"ಹಿರೇಕೆರೂರಾಗ ಕಾಟಾದ ಮ್ಯಾಲ ನಿಲ್ಲೂದು ಆಕೀ ಟ್ರ್ಯಾಕ್ಟರ್ ಅಲ್ರಿ ಕಾಕಾ. ಯಾರದೋ ವರ್ಷದ ಪೀಕು."

"ನಿನ್ನ ಅಜ್ಜಿ ತಲಿ ನಿನಗ ಬಂದೈತಿ," ಅಂದರು. ಹೊಗಳಿಕೆಯಲ್ಲ ಅದು. ಬೈಗುಳದ ಹಾಗೇ ಅಂದರು.

ಸುಗ್ಗಿ ಮುಗಿಯುವ ತನಕ ಆಕೆಯ ಆಳು ನನ್ನ ಓಣಿಯಲ್ಲೇ ಇದ್ದವು. ಶಿಗ್ಗಾಂವಿಯ ಕಾಟಾದವರೂ ಅಷ್ಟರಲ್ಲಿ ಆಕೆಯ ಕಡೆ ಹೋದರು, ಹತ್ತಿರದವಳು ಅಂತ. ಕಾಕಾನ ಕಿವಿಯ ಮೇಲಿನ ಪೆನ್ನು ಸಂಕ್ರಾಂತಿಯ ತನಕ ಇಳಿಯಲಿಲ್ಲ. ಫೋನಿನ ಚೀಟಿ ಹೋದ ಮೇಲೂ ಕೈಚೀಟಿ ಒಂದು ಕೊಡುತ್ತಿದ್ದರು. ನಾನು ಕೊಟ್ಟ ಮಾತು ಎಷ್ಟು ಸವೆದಿತ್ತೆಂದು ಅದರಿಂದ ಗೊತ್ತಾಗುತ್ತಿತ್ತು. ಅವರು ಬಿಟ್ಟು ಹೋಗಲಿಲ್ಲ, ಸವಣೂರಿನವರೂ ಹೋಗಲಿಲ್ಲ. ಗೋವಿನಜೋಳದ ಕೊನೆಯ ಗಾಡಿಗಳು ಬಂದು ಹೋದ ಮೇಲೆ ಅಕ್ಕ ಒಂದು ದಿನ ಹೇಳದೆ ಕೇಳದೆ ತನ್ನ ಆಳುಗಳನ್ನು ತಾನು ಬೇರೆ ಕಡೆ ಕಟ್ಟಿದ ಜಾಲಕ್ಕೆ ಒಯ್ದಳು. ಬೆಳಿಗ್ಗೆ ನೋಡಿದರೆ ಓಣಿ ಅರ್ಧ ಖಾಲಿ. ಅಲ್ಲಿಯ ತನಕ ಕಸಿದುಕೊಳ್ಳಲು ಮನಸ್ಸು ಬಾರದೆ ಆಕೆಯ ಕೈಯಲ್ಲೇ ಬಿಟ್ಟಿದ್ದ ಕೀಲಿಯನ್ನು ಅವತ್ತು ರದ್ದು ಮಾಡಿದೆ.

ಆಮೇಲೆ ಬೇಸಿಗೆಯಲ್ಲಿ ಆಕೆಯ ಫೋನು ಬಂತು. ಏನೂ ಆಗದವಳ ಹಾಗೆ ಮಾತು. "ಒಂದ ಪ್ರೋಗ್ರಾಮ್ ಸಿಕ್ಕೊಂಡೈತವಾ, ನನ್ನ ಕೈಲೆ ಬಿಡಸಾಕ ಆಗವಲ್ದು. ನಿಂದೊಂದು ದಿನ ನನಗ ಬರೂದೈತಿ ನೋಡು, ಮುಯ್ಯಾಳಿಂದು." ಮನೆಯಲ್ಲಿ ಹೇಳಿದರೆ, ಆ ಬಾಯಿಗೆ ಏನನ್ನಬೇಕು ಅಂತ ಎಲ್ಲರೂ ಅಂದರು. ಆದರೆ ಆಕೆ ಹೇಳಿದ್ದು ಖರೆ. ಕೊನೆಯ ಸಲ ಬಂದವಳು ಆಕೆ, ಹೋಗಬೇಕಾದವಳು ನಾನು.

ಹೋದೆ. ಬೆಳಗಿನಿಂದ ಕುಳಿತು ಗಂಟು ಬಿಡಿಸಿದೆ. ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಆಕೆ ಒಮ್ಮೆಯೂ ನನ್ನ ಪರದೆಯ ಕಡೆ ಇಣುಕಲಿಲ್ಲ. ರೂಢಿ ಆಕೆಗೂ ಗೊತ್ತು. ಮಧ್ಯಾಹ್ನ ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬಂತು, ರೊಟ್ಟಿ ಬಡಿಯುವ ಸದ್ದು ಬಂತು. ಮುಯ್ಯಾಳಿಗೆ ಬಂದವರನ್ನು ಉಣಿಸದೆ ಯಾರೂ ಕಳಿಸುವುದಿಲ್ಲ, ಬಂದವರೂ ಉಣ್ಣದೆ ಏಳುವುದಿಲ್ಲ.

"ಏಳವಾ, ಕೈ ತೊಳ್ಕೊ," ಅಂದಳು ಅಕ್ಕ. ಎರಡು ತಾಟು ಹಚ್ಚಿದ್ದಳು.

"ನಂದು ಊಟ ಆಗೈತ್ರಿ," ಅಂದೆ.

ಅಷ್ಟು ವರ್ಷದಲ್ಲಿ ನಾನು ಆಕೆಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. ಆಕೆ ನನ್ನ ಮುಖ ನೋಡಿದಳು, ಬೆಳಗಿನಿಂದ ಮೊದಲ ಸಲ. ಆಮೇಲೆ ಬಗ್ಗಿ, ಒಂದು ತಾಟಿನ ರೊಟ್ಟಿಯನ್ನು ತೆಗೆದು ಮತ್ತೆ ಬುಟ್ಟಿಗೆ ಹಾಕಿದಳು.

ಉಳಿದಿದ್ದ ಕೆಲಸ ಮುಗಿಸಿಕೊಟ್ಟು ಎದ್ದೆ. ಹಾನಗಲ್ಲಿನ ಬಸ್ಸಿನಲ್ಲಿ, ಬಂಕಾಪುರ ದಾಟುವುದರೊಳಗೆ, ಹೊಟ್ಟೆ ಹಸಿದು ಕಣ್ಣಿಗೆ ಕತ್ತಲೆ ಬಂತು.